ಗಲ್ಫ್ ಪಾರ್ಸೆಲ್ ಎಂದು ಕರೆ ಬಂದರೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳಿಗೆ ಗಲ್ಫ್‌ನಿಂದ ಸಾಮಾನು ಬರುವುದು ಹೊಸತಲ್ಲ. ಮೋಸಗಾರರಿಗೂ ಅದು ಗೊತ್ತು. ‘ಪಾರ್ಸೆಲ್ ನಿಂತಿದೆ, *401* ಒತ್ತಿ ಡೆಲಿವರಿ ಹುಡುಗನ ನಂಬರ್ ಸೇರಿಸಿ’ ಎಂದರೆ ಒತ್ತಲೇಬೇಡಿ. ಅದು ಕಾಲ್ ಫಾರ್ವರ್ಡ್ ಮಾಡುವ ಕೋಡ್. ಒತ್ತಿದರೆ ನಿಮಗೆ ಬರುವ ಕರೆಗಳು ಅವರ ಫೋನಿಗೆ ಹೋಗುತ್ತವೆ. ಕರೆಯಲ್ಲಿ ಬರುವ ಒಟಿಪಿ ಕೇಳಿಸಿಕೊಂಡು ನಿಮ್ಮ ವಾಟ್ಸ್‌ಆ್ಯಪ್ ತೆರೆದು, ನೆಂಟರಿಷ್ಟರ ಬಳಿ ನಿಮ್ಮ ಹೆಸರಲ್ಲೇ ಹಣ ಕೇಳುತ್ತಾರೆ.

ಒತ್ತಿಬಿಟ್ಟಿದ್ದರೆ ಕೂಡಲೇ ##002# ಡಯಲ್ ಮಾಡಿ ಫಾರ್ವರ್ಡ್ ರದ್ದು ಮಾಡಿ. *#21# ಒತ್ತಿ, ರದ್ದಾಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಅಕೌಂಟ್‌ಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಶನ್‌ನಲ್ಲಿ 6 ಅಂಕಿಯ ಪಿನ್ ಇಡಿ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಇವತ್ತೇ ಮಾಡಿಕೊಡಿ, ದಯವಿಟ್ಟು.

ಹಳೆ ಬೈಕ್ ಮಾರುವಾಗ ‘ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ’ ಎಂದರೆ ಅಲ್ಲೇ ನಿಲ್ಲಿಸಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡ. ಅಂಗಡಿಯವರು ಗಿರಾಕಿಯ ಸ್ಕ್ರೀನ್‌ಶಾಟ್ ನಂಬದೆ, ಹಣ ಜಮೆಯಾಗಿದೆಯೇ ಎಂದು ತಮ್ಮ ಖಾತೆಯಲ್ಲೇ ನೋಡಬೇಕು.

‘ಇಂದು ರಾತ್ರಿ ಕರೆಂಟ್ ಕಡಿತ’ ಎಂಬ ಮಲಯಾಳ ಮೆಸೇಜು ಬಂದರೆ, ಅರ್ಥವಾಗಲಿಲ್ಲವೆಂದು ಅದರಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಹಳೆ ಬಿಲ್ ಹಿಡಿದು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ವ್ಯವಹಾರದ ನಂಬರ್, ಮೊತ್ತ, ಸಮಯ ಕೈಯಲ್ಲಿರಲಿ. ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ.