ಅಲ್ಟ್ರಾಸೌಂಡ್ ಕಾಂಟ್ರಾಸ್ಟ್ ಪರೀಕ್ಷೆಗೆ ಅಗರ್ ಜೆಲ್ ಮಾಡುವ ಬಗೆ

ಈ ಪರೀಕ್ಷೆಯಲ್ಲಿ ಅಗರ್ ಜೆಲ್ ದೇಹದ ಅಂಗಾಂಶದ ಬದಲಿ, ಅದರೊಳಗಿನ ಕೊಳವೆ ರಕ್ತನಾಳದ ಬದಲಿ. ರಕ್ತ ಎದ್ದು ಕಾಣಲೆಂದು ಬಳಸುವ ಕಾಂಟ್ರಾಸ್ಟ್ ದ್ರವವನ್ನು ಆ ಕೊಳವೆಗೆ ತುಂಬಿ ನೋಡುತ್ತೇವೆ. ಈ ದ್ರವದಲ್ಲಿ ಹೊಳೆಯುವುದು ಕೆಲವೇ ಮೈಕ್ರಾನ್ ಗಾತ್ರದ ಅನಿಲದ ಗುಳ್ಳೆಗಳು. ಜೆಲ್‌ನೊಳಗೂ ಗಾಳಿ ಸಿಕ್ಕಿಕೊಂಡಿದ್ದರೆ ಯಾವ ಹೊಳಪು ಯಾವುದರದ್ದೆಂದು ಹೇಳಲಾಗುವುದಿಲ್ಲ. ಅದಕ್ಕೇ ಇಲ್ಲಿ ಹೆಚ್ಚಿನ ಶ್ರಮ ಗಾಳಿ ತೆಗೆಯುವುದಕ್ಕೇ ಹೋಗುತ್ತದೆ.

ದಾವಣಗೆರೆಯ ಏಪ್ರಿಲ್ ಸೆಕೆಗೆ ಜೆಲಾಟಿನ್ ಆಗಿಬರುವುದಿಲ್ಲ. 30 ಡಿಗ್ರಿ ದಾಟಿದರೆ ಕರಗತೊಡಗುತ್ತದೆ. ಅಗರ್ ಒಮ್ಮೆ ಹೆಪ್ಪಾದರೆ 80 ಡಿಗ್ರಿಯ ಹತ್ತಿರದವರೆಗೂ ಗಟ್ಟಿಯಾಗಿರುತ್ತದೆ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ತನ್ನಿ.

ಒಂದು ಕೆಜಿಗೆ ನೀರು 860 ಗ್ರಾಂ, ಗ್ಲಿಸರಿನ್ 110 ಗ್ರಾಂ, ಅಗರ್ ಪುಡಿ 30 ಗ್ರಾಂ. ಸುಮಾರು 22 ಡಿಗ್ರಿಯಲ್ಲಿ ಶಬ್ದವೇಗವನ್ನು ದೇಹದ ಅಂಗಾಂಶದಲ್ಲಿರುವಂತೆ ಸೆಕೆಂಡಿಗೆ 1540 ಮೀಟರ್ ಆಸುಪಾಸಿಗೆ ತರುವುದು ಗ್ಲಿಸರಿನ್. ಕೋಣೆ ಬಿಸಿಯಾದಂತೆ ಈ ವೇಗವೂ ಏರುತ್ತದೆ, ಅಳೆಯುವಾಗ ಎಸಿ ಇರಲಿ.

ನೀರನ್ನು 15 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ತೂಗಿ. ತಣ್ಣಗಿರುವಾಗಲೇ ಗ್ಲಿಸರಿನ್ ಬೆರೆಸಿ ಅಗರ್ ಉದುರಿಸಿ. ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 90 ಡಿಗ್ರಿ ದಾಟಿಸಿ. ಬಿಳಿ ಕಣಗಳು ಮಾಯವಾಗಿ ಪಾಕ ತಿಳಿಯಾಗಬೇಕು. ಮತ್ತೆ ತೂಗಿ, ಆವಿಯಾದಷ್ಟು ಕುದಿಸಿದ ಬಿಸಿನೀರು ಸೇರಿಸಿ. ನೊರೆಯನ್ನು ಚಮಚದಿಂದ ತೆಗೆದು, ನಿಧಾನಕ್ಕೆ ಕೈಯಾಡಿಸುತ್ತಾ 50 ಡಿಗ್ರಿಗೆ ಇಳಿಸಿ. 40ರ ಹತ್ತಿರ ಬಿಟ್ಟರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ.

ಪ್ಲಾಸ್ಟಿಕ್ ಡಬ್ಬಿಯ ಎದುರುಬದುರು ಗೋಡೆಗೆ ತೂತು ಕೊರೆದು 6 ಮಿ.ಮೀ. ಸ್ಟೀಲ್ ಸರಳು ತೂರಿಸಿ, ಸಂದನ್ನು ಎಂಸೀಲ್‌ ಬದಲು ಮೇಣದಿಂದ ಮುಚ್ಚಿ. ಸರಳು ಮತ್ತೆ ಹೊರಬರಬೇಕಲ್ಲ, ಅದು ಬಿಟ್ಟುಹೋಗುವ ತೂತೇ ನಮ್ಮ ಕೊಳವೆ. ಪಾಕವನ್ನು ಡಬ್ಬಿಯ ಗೋಡೆಗುಂಟ ಜಾರಿಸಿ ಸುರಿಯಿರಿ. ರಾತ್ರಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಬೆಳಗ್ಗೆ ಡಬ್ಬಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ, ಸರಳನ್ನು ತಿರುಗಿಸುತ್ತಾ ಎಳೆಯಿರಿ. ನೀರು ಹಿಂದೆಯೇ ತುಂಬಿಕೊಳ್ಳದಿದ್ದರೆ ಸೆಳೆತಕ್ಕೆ ಕೊಳವೆಯ ಒಳಮೈ ಹರಿಯುತ್ತದೆ.

ಕಾಂಟ್ರಾಸ್ಟ್ ಬೆರೆಸುವ ಸಲೈನ್‌ಗೆ ಮಾತ್ರ ಈ ನಿಯಮ ಉಲ್ಟಾ. ಗಾಳಿ ತೆಗೆದ ದ್ರವ ಗುಳ್ಳೆಯ ಅನಿಲವನ್ನೇ ಹೀರಿ ಗುಳ್ಳೆ ಕರಗಿಸಿಬಿಡುತ್ತದೆ, ಹಾಗಾಗಿ ಸಲೈನ್ ಅಗಲ ಬೀಕರ್‌ನಲ್ಲಿ ರಾತ್ರಿಯಿಡೀ ತೆರೆದಿರಲಿ. ಕಾಂಟ್ರಾಸ್ಟನ್ನು 18 ಗೇಜ್ ಸೂಜಿಯಿಂದ ನಿಧಾನಕ್ಕೆ ಸೆಳೆಯಿರಿ. ಸಣ್ಣ ಸೂಜಿಯ ಒತ್ತಡಕ್ಕೆ ಗುಳ್ಳೆಗಳು ಒಡೆಯುತ್ತವೆ. ಸಾವಿರಪಟ್ಟು ತೆಳುವಿನಿಂದ ಶುರುಮಾಡಿ. ಕೊಳವೆಯ ಮೇಲ್ಭಾಗ ಬೆಳ್ಳಗಾಗಿ ಕೆಳಗೆ ಕಪ್ಪು ನೆರಳು ಬಿದ್ದರೆ ಇನ್ನೂ ತೆಳುಮಾಡಿ. ಸ್ಕ್ಯಾನರ್ ಪರದೆಯಲ್ಲಿ ಕಾಣುವ ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಶಬ್ದದ ಅಲೆ ಗುಳ್ಳೆಗಳ ಮೇಲೆ ಎಷ್ಟು ಜೋರಾಗಿ ಬೀಳುತ್ತದೆ ಎಂಬುದರ ಅಳತೆ) 0.1ರ ಕೆಳಗಿರಲಿ, ಜಾಸ್ತಿಯಾದರೆ ನೋಡನೋಡುತ್ತಲೇ ಹೊಳಪು ಇಳಿಯುತ್ತದೆ.