ಪೋರ್ಟಲ್‌ಗೆ ಕಾಣದವರ ಲೆಕ್ಕ ನಾವು ಬರೆದಿದ್ದು ಹೀಗೆ

2023ರಲ್ಲಿ ನಮ್ಮ ಮಂಡ್ಯದ ಹೆಂಗಸರಿಗೆ ಎರಡು ಯೋಜನೆಗಳು ಒಂದರ ಹಿಂದೆ ಒಂದು ಬಂದವು. ಜೂನ್ 11ಕ್ಕೆ ಶಕ್ತಿ, ಅಂದರೆ ಹೆಂಗಸರಿಗೆ ಉಚಿತ ಬಸ್ಸು. ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ, ಅದರ ಉದ್ಘಾಟನೆ ಪಕ್ಕದ ಮೈಸೂರಿನಲ್ಲೇ ಆಯಿತು. ಶಕ್ತಿಯಲ್ಲಿ ಕಂಡಕ್ಟರ್ ಕಾರ್ಡ್ ನೋಡುತ್ತಾನೆ, ಸೊನ್ನೆ ಟಿಕೆಟ್ ಹರಿದು ಕೊಡುತ್ತಾನೆ, ಅಲ್ಲಿಗೆ ಮುಗಿಯಿತು. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬರಬೇಕಾದರೆ ಮಾತ್ರ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಮೂರೂ ಎಲ್ಲೋ ಇರುವ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಒಪ್ಪಬೇಕು. ಬಸ್ಸಿನಲ್ಲಿ ತಕರಾರು ಬಂದರೆ ಕಂಡಕ್ಟರ್ ಎದುರಿಗೇ ಇರುತ್ತಾನೆ, ಜಗಳ ಆಡಬಹುದು. ದುಡ್ಡು ಬರದಿದ್ದರೆ ಯಾರ ಹತ್ತಿರ ಜಗಳ ಆಡೋದು?

ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸ್ತ್ರೀಶಕ್ತಿ ಸಂಘಗಳ ಲೆಕ್ಕ ಬರೆಯುತ್ತೇನೆ. ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ ಓದಿದವಳು, ಹಾಗಾಗಿ ಸರ್ವೆ ಗಿರ್ವೆ ಸ್ವಲ್ಪ ಗೊತ್ತು. ಆ ವರ್ಷ ಸಂಘದ ಸಭೆ ಅಂದರೆ ಸಾಲದ ಮಾತೇ ಇಲ್ಲ. "ಎಲ್ಲಾರ್ಗೂ ಬಂದದೆ, ನಂಗೊಬ್ಳಿಗೇ ಬಂದಿಲ್ಲ ಕಣವ್ವ" ಅನ್ನುವವರು ಪ್ರತಿ ಸಭೆಯಲ್ಲೂ ಇರುತ್ತಿದ್ದರು. ತಮ್ಮೊಬ್ಬರಿಗೇ ಹೀಗಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಮೇಲೆ ನಮ್ಮೂರಿಗೆ ಕೋಪ ಇಲ್ಲ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದ ಕಾಲದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೆ ಮುಂಚೆ ಎಷ್ಟು ಜನರ ಹಿಂದೆ ಅಲೆಯಬೇಕಿತ್ತು ಅಂತ ನಮ್ಮ ಅಪ್ಪ ಈಗಲೂ ಹೇಳುತ್ತಾರೆ. ನನ್ನ ತಕರಾರು ಬೇರೆ. ಸರ್ಕಾರದ ಪೋರ್ಟಲ್‌ನಲ್ಲಿ, ಅಂದರೆ ಯೋಜನೆಯ ವೆಬ್‌ಸೈಟಿನಲ್ಲಿ, ಇರುವುದು ಪೋರ್ಟಲ್‌ ತನಕ ಹೋಗಲು ಆದವರ ಲೆಕ್ಕ ಮಾತ್ರ. ಬಾಗಿಲಲ್ಲೇ ನಿಂತವರು ಅದರಲ್ಲಿ ಎಲ್ಲಿದ್ದಾರೆ?

ಇದು ತಲೆಗೆ ಹತ್ತಿದ್ದು ಒಂದು ಗೂಗಲ್ ಫಾರಂನಿಂದ. ಯೋಜನೆ ಹೇಗೆ ತಲುಪುತ್ತಿದೆ ಅಂತ ಅಧ್ಯಯನ ಮಾಡುತ್ತಿದ್ದವರು ಯಾರೋ ನಮ್ಮ ಗ್ರಾಮದ ವಾಟ್ಸಾಪ್ ಗ್ರೂಪಿಗೆ ಅದನ್ನು ಹಾಕಿದ್ದರು. ತುಂಬಿದ್ದು ಯಾರು? ಡಿಗ್ರಿ ಓದುವ ಹುಡುಗರು, ಅಮ್ಮನ ಪರವಾಗಿ, ಬಸ್ಸಿಗೆ ಕಾಯುತ್ತಾ. ಹಣ ಬಂದವರ ಮನೆಯವರೇ ಜಾಸ್ತಿ. ಅಮ್ಮನ ಹತ್ತಿರ ಫೋನೇ ಇಲ್ಲದ ಮನೆಯಿಂದ ಉತ್ತರ ಹೋಗಲೇ ಇಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ: ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು 100ಕ್ಕೆ 33, ಗಂಡಸರು 57. ಹೆಂಗಸರ ಯೋಜನೆ ಬಗ್ಗೆ ಗಂಡುಮಕ್ಕಳ ಫೋನಿನಲ್ಲಿ ಸಮೀಕ್ಷೆ ಮಾಡಿದರೆ ಏನು ಸಿಗುತ್ತದೆ ಹೇಳಿ.

ಸರಿ, ನಾವೇ ಬರೆಯೋಣ ಅಂತ ಸಂಘದ ಮೂರ್ನಾಲ್ಕು ಜನ ಕೂತೆವು. ಲಾಂಗ್ ಬುಕ್ಕು, ಸ್ಕೇಲು, ಪೆನ್ನು. ಆಧಾರ್ ನಂಬರ್ ಬರೆಯಬಾರದು, ಖಾತೆ ನಂಬರ್ ಬರೆಯಬಾರದು ಅಂತ ಮೊದಲ ದಿನವೇ ತೀರ್ಮಾನ ಮಾಡಿದೆವು. ಅದೇ ಆಗಸ್ಟಿನಲ್ಲಿ ದೆಹಲಿಯಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಆಗಿತ್ತು. ಕಾಯ್ದೆ ಇರಲಿ ಬಿಡಲಿ, ಆ ಪುಸ್ತಕ ಯಾರ ಕೈಗಾದರೂ ಸಿಕ್ಕರೆ ಅನ್ನುವ ಭಯ ನಮಗಿತ್ತು. ಮನೆಗೊಂದು ಗುರುತು ಕೊಟ್ಟೆವು, ಅಷ್ಟೆ. ಕಾಲಂಗಳು: ಎಲ್ಲಿಗೆ ಬಂದು ನಿಂತಿದೆ, ನಿಂತಿದೆ ಅಂತ ಹೇಳಿದ್ದು ಯಾರು, ಓಡಾಟಕ್ಕೆ ಎಷ್ಟು ಕೂಲಿ ಹೋಯಿತು.

ಮಧ್ಯದ ಕಾಲಂ ಮುಖ್ಯ. "ಸರ್ವರ್ ಡೌನ್" ಅಂತ ಸೇವಾ ಕೇಂದ್ರದವರು ಹೇಳಿದ್ದೋ, ಬ್ಯಾಂಕಿನವರು ಹೇಳಿದ್ದೋ, ಪಕ್ಕದ ಮನೆಯವರು ಹೇಳಿದ್ದೋ? ಬರೆಯುತ್ತಾ ಹೋದಂತೆ ಗೊತ್ತಾಯಿತು, ಅರ್ಧಕ್ಕರ್ಧ ಕಾರಣಗಳು ಬಾಯಿಂದ ಬಾಯಿಗೆ ಬಂದವು. ವಾಟ್ಸಾಪಿನಲ್ಲಿ "ನಾಳೆಯೇ ಕೊನೆ ದಿನ" ಅಂತ ಫಾರ್ವರ್ಡ್ ಬಂದರೆ ಮಾರನೆ ದಿನ ಬೆಳಿಗ್ಗೆ ಆರಕ್ಕೇ ಕ್ಯೂ. ಕೊನೆ ದಿನ ಅಂತ ಏನೂ ಇಲ್ಲ ಅಂತ ಸರ್ಕಾರ ಹೇಳುತ್ತಲೇ ಇತ್ತು, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಿಜವಾದ ಕಾರಣಗಳಲ್ಲಿ ದೊಡ್ಡದು ಎನ್‌ಪಿಸಿಐ ಮ್ಯಾಪಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಓದಿದವರಿಗೂ ಗೊತ್ತಿರಲಿಲ್ಲ. ಪಾಸ್‌ಬುಕ್ ಜೊತೆ ಆಧಾರ್ ಜೆರಾಕ್ಸ್ ಕೊಟ್ಟರೆ ಖಾತೆಗೆ ಆಧಾರ್ ಲಿಂಕ್ ಆಗಬಹುದು, ಸರ್ಕಾರದ ಹಣ ಬರಲು ಅದು ಸಾಲದು. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ಹಣ ದಾಟಿಸುವ ರಾಷ್ಟ್ರೀಯ ಪಾವತಿ ನಿಗಮ; ಯಾವ ಆಧಾರ್‌ಗೆ ಯಾವ ಬ್ಯಾಂಕು ಅಂತ ಅದರ ಹತ್ತಿರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಜೋಡಿಸಿದ್ದಾರೋ ಅದೇ. ಹಣ ಅಲ್ಲಿಗೇ ಹೋಗುತ್ತದೆ. ಆ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಎಲ್ಲಿಗೂ ಹೋಗಲ್ಲ.

ನಮ್ಮ ಬೀದಿಯ ಒಬ್ಬರ ಕಥೆ ಕೇಳಿ. ಕಬ್ಬು ಕಡಿಯುವ ಕೆಲಸ, ವಯಸ್ಸು ಐವತ್ತರ ಮೇಲೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸುಸ್ತಾಗಿದ್ದರು, ಒಂದು ರೂಪಾಯಿಯೂ ಬಂದಿರಲಿಲ್ಲ. ಫೋನಿನಲ್ಲಿ *99*99*1# ಒತ್ತಿ ಆಧಾರ್ ನಂಬರ್ ಹಾಕಿದರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಆಗ ತೋರಿಸುತ್ತಿತ್ತು. ಸಲೀಸಾಗಿ ತೋರಿಸುತ್ತಿತ್ತು ಅಂತಲ್ಲ, ಹಲವು ಸಲ ಒತ್ತಬೇಕಾಗುತ್ತಿತ್ತು. ಕೊನೆಗೆ ಬಂದದ್ದು ಅವರು ಕೇಳೇ ಇರದ ಬ್ಯಾಂಕಿನ ಹೆಸರು. ಕೆದಕಿ ನೋಡಿದರೆ, ಹಿಂದೆ ಯಾವಾಗಲೋ ಪೇಟೆಯಲ್ಲಿ ಗುಂಪು ಸಾಲಕ್ಕೆ ಬೆರಳಚ್ಚು ಕೊಟ್ಟಾಗ ಸಾಲದವರು ಅಲ್ಲೇ ಇವರ ಹೆಸರಿಗೆ ಒಂದು ಖಾತೆ ತೆರೆದಿದ್ದರು. ತಿಂಗಳು ತಿಂಗಳೂ ಹಣ ಅಲ್ಲಿ ಸುಮ್ನೆ ಕೂತಿತ್ತು! ಸರ್ಕಾರದ ಲೆಕ್ಕದಲ್ಲಿ ಆಕೆಗೆ ಹಣ ತಲುಪಿದೆ. ಪೋರ್ಟಲ್‌ನಲ್ಲಿ ಹಸಿರು ಬಣ್ಣ. ಈ ಡೇಟಾ ಇಳಿಸಿಕೊಂಡು ಎಂಥ ಪಂಡಿತ ಪ್ರಬಂಧ ಬರೆದರೂ ಈ ಅಮ್ಮ ಫಲಾನುಭವಿಯೇ.

ಇದೇನು ಹೊಸ ರೋಗ ಅಲ್ಲ. 2017ರಲ್ಲೇ ದೊಡ್ಡ ಮೊಬೈಲ್ ಕಂಪನಿಯೊಂದರ ಪೇಮೆಂಟ್ಸ್ ಬ್ಯಾಂಕಿನಲ್ಲಿ ಗಿರಾಕಿಗಳಿಗೆ ಗೊತ್ತಿಲ್ಲದೆ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿ, ದೇಶದ ತುಂಬ ಗಲಾಟೆ ಆಗಿತ್ತು.

ಉಳಿದವು ಚೂರು ಪಾರು. ಬೆರಳಚ್ಚು ಸವೆದವರು. ಒಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗುವವರು. ಕಾರ್ಡಿನ ಯಜಮಾನಿ ಅತ್ತೆ ತೀರಿಹೋಗಿ, ಸೊಸೆ ಹೆಸರಿಗೆ ತಿದ್ದುಪಡಿ ಆಗದೆ ಕೂತವರು. ಒಬ್ಬರನ್ನಂತೂ ಕಂಪ್ಯೂಟರ್ ತೆರಿಗೆ ಕಟ್ಟುವವರ ಪಟ್ಟಿಗೆ ಸೇರಿಸಿತ್ತು. ಆಕೆ ನಗುತ್ತಾ "ನಾನೂ ಸಾವ್ಕಾರ್ತಿ ಆಗ್ಬುಟ್ಟೆ" ಅಂದರು. ಯಾಕೆ ಹಾಗಾಯಿತು ಅಂತ ಯಾವ ಪರದೆಯೂ ಹೇಳಲಿಲ್ಲ.

ಈ ಮಧ್ಯೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ಅರ್ಜಿ ಬಾಕಿ, ಕಾರಣವಾರು ಕೊಡಿ ಅಂತ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅದನ್ನು ಪಾಲಿಸಿದೆ, 10 ರೂಪಾಯಿ ಕಟ್ಟಿದೆ. ಕಾರಣವಾರು ಮಾಹಿತಿ ಆ ನಮೂನೆಯಲ್ಲಿ ಲಭ್ಯವಿಲ್ಲ ಅಂತ ಉತ್ತರ ಬಂತು. ಆ ಕಾಗದ ನನಗೆ ಬಹಳ ಉಪಯೋಗಕ್ಕೆ ಬಂತು ಅನ್ನಿ. ಅವರ ಹತ್ತಿರ ಇಲ್ಲದ ಲೆಕ್ಕ ನಮ್ಮ ಲಾಂಗ್ ಬುಕ್ಕಿನಲ್ಲಿದೆ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲು ಅದೇ ಸಾಕಾಯಿತು.

ಗ್ರಾಮಸಭೆಗೆ ಒಯ್ದದ್ದು ಒಂದೇ ಹಾಳೆ. ಹೆಸರು ಓದಲಿಲ್ಲ, ಕಾರಣ ಓದಿದೆವು. ಇದು ಬ್ಯಾಂಕಿನ ಕೆಲಸ, ಇದು ಆಹಾರ ಇಲಾಖೆಯದು, ಇದು ಆಧಾರ್ ಕೇಂದ್ರದ್ದು ಅಂತ ಗುಂಪು ಮಾಡಿ. ಹೆಸರು ಹಿಡಿದು ಕೇಳಿದ್ದರೆ "ನಾಳೆ ಬನ್ನಿ, ನೋಡೋಣ" ಅನ್ನುತ್ತಿದ್ದರು. ಒಂದೇ ಕಾರಣಕ್ಕೆ ಬೀದಿಗಟ್ಟಲೆ ಮನೆಗಳು ನಿಂತಿವೆ ಅಂದಾಗ ಹಾಗೆ ಹೇಳಲಾಗಲಿಲ್ಲ. ಮೂರೂ ಕಡೆಯವರನ್ನು ಒಂದೇ ದಿನ ಒಂದೇ ಜಾಗದಲ್ಲಿ ಕೂರಿಸಿ ಅಂತ ಕೇಳಿದೆವು. 2023ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರವೇ ಗ್ರಾಮ ಪಂಚಾಯಿತಿಗಳಲ್ಲಿ ಗೃಹಲಕ್ಷ್ಮಿ ಶಿಬಿರ ನಡೆಸಿತು. ನಮ್ಮ ಹಾಳೆಯಿಂದಲೇ ಅಂತ ನಾನು ಹೇಳಲ್ಲ, ರಾಜ್ಯದ ತುಂಬ ಇದೇ ದೂರು ಇತ್ತು. ಆದರೆ ಶಿಬಿರಕ್ಕೆ ನಮ್ಮೂರಿನವರು ಬಂದಾಗ ಯಾರು ಯಾವ ಟೇಬಲ್ಲಿಗೆ ಹೋಗಬೇಕು ಅಂತ ಅವರಿಗೇ ಗೊತ್ತಿತ್ತು. ಅಂಚೆಯವರ ಟೇಬಲ್ ಮುಂದೆ ಜನ ಜಾಸ್ತಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಅಲ್ಲೇ ಖಾತೆ ತೆರೆದು ಅಲ್ಲೇ ಆಧಾರ್ ಜೋಡಿಸುತ್ತಿದ್ದರು.

ಬೆರಳಚ್ಚಿನವರದು ಮತ್ತು ತೆರಿಗೆಯ ಅಮ್ಮನದು ಮಾತ್ರ ಅಲ್ಲಿ ಬಗೆಹರಿಯಲಿಲ್ಲ. ಆ ಸಾಲುಗಳನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆದಿದ್ದೇವೆ.

ಈಗ ಬೇರೆ ಊರಿನ ಸಂಘದವರು ಪುಸ್ತಕ ಹೇಗೆ ಬರೆಯೋದು ಅಂತ ಕೇಳುತ್ತಾರೆ. ಎಕ್ಸೆಲ್‌ನಲ್ಲಿ ಮಾಡಿ ಕೊಡಿ ಅಂತಲೂ ಕೇಳುತ್ತಾರೆ. ಕೊಡುತ್ತೇನೆ, ಆದರೆ ಮನೆ ಮನೆಗೆ ಹೋಗಿ ಬರೆದಾದ ಮೇಲೆ ತುಂಬಿ ಅನ್ನುತ್ತೇನೆ. ಮತ್ತೆ ಯಾರಿಗಾದರೂ ಹೊಸ ಖಾತೆ ಮಾಡಿಸುವ ಮೊದಲು ಹಳೆ ಜೋಡಣೆ ಯಾವ ಬ್ಯಾಂಕಿನಲ್ಲಿದೆ ಅಂತ ನೋಡಿ, ಅಲ್ಲಿ ಕೂತಿರುವ ಹಣ ಬಿಡಿಸಿಕೊಳ್ಳಿ. ಕಬ್ಬಿನ ಅಮ್ಮನಿಗೆ ಹಾಗೆ ಬಂದ ಹಣದಲ್ಲಿ ಮೊದಲು ತೀರಿದ್ದು ಅದೇ ಗುಂಪು ಸಾಲದ ಕಂತು.