ಯಾವ ಹನುಮಂತಪ್ಪ? ಜಾಂಗೋ ಫಾರ್ಮಿನಲ್ಲಿ ರೈತರ ಹೆಸರು ತೋರಿಸಿದ ನನ್ನ ಅನುಭವ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಮಂಡಿಗೆ ತೂಕದ ಚೀಟಿ ಬರೆಯುವ ತಂತ್ರಾಂಶ ಮಾಡಿಕೊಟ್ಟೆ. ಭಾಷೆ ಪೈಥಾನ್, ಅದರ ಮೇಲೆ ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟು ಜಾಂಗೋ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಜೋಳ ಯಾರದು, ಎಷ್ಟು ಚೀಲ, ಎಷ್ಟು ಕ್ವಿಂಟಾಲ್, ಇಳಿಸಿದ್ದು ಯಾವ ಹಮಾಲರ ತಂಡ, ಇಷ್ಟು ಚೀಟಿಯಲ್ಲಿ ಇರಬೇಕು. ರೈತರಿಗೆ ಒಂದು ಟೇಬಲ್, ಊರುಗಳಿಗೆ ಒಂದು, ಹಮಾಲರ ತಂಡಗಳಿಗೆ ಒಂದು. ಚೀಟಿಯಿಂದ ಅವುಗಳಿಗೆ ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್‌ನ ಸಾಲನ್ನು ಅದರ ಐಡಿಯಿಂದ ತೋರಿಸುವ ಕೊಂಡಿ. ಹೆಸರನ್ನು ಚೀಟಿಚೀಟಿಗೂ ಮತ್ತೆ ಬರೆಯುವ ಕೆಲಸವಿಲ್ಲ.

ಮೊದಲ ದಿನ ಗುಮಾಸ್ತರ ಮುಂದೆ ಚೀಟಿಯ ವಿವರ ತುಂಬುವ ಫಾರ್ಮ್ ತೆರೆದೆ. ರೈತರ ಪಟ್ಟಿಯಲ್ಲಿ ಬಂದದ್ದು "ಫಾರ್ಮರ್ ಆಬ್ಜೆಕ್ಟ್ (1)", "ಫಾರ್ಮರ್ ಆಬ್ಜೆಕ್ಟ್ (2)", ಹೀಗೇ ಕೊನೆಯವರೆಗೆ. ಮಾಡೆಲ್ ಅಂದರೆ ಒಂದು ಟೇಬಲ್‌ಗೆ ಬರೆದ ಪೈಥಾನ್ ಕ್ಲಾಸ್. ಅದರಿಂದ ಫಾರ್ಮ್ ಕಟ್ಟುವ ಮಾಡೆಲ್‌ಫಾರ್ಮ್ ಮಾಡಿದಾಗ ಜಾಂಗೋ ಫಾರಿನ್ ಕೀಯನ್ನು ತಾನಾಗಿ ಮಾಡೆಲ್‌ಚಾಯ್ಸ್‌ಫೀಲ್ಡ್ ಆಗಿ ಬದಲಿಸುತ್ತದೆ. ಪರದೆಯಲ್ಲಿ ಅದು ಸೆಲೆಕ್ಟ್ ಪಟ್ಟಿ. ಒಳಗೆ ಹೋಗುವುದು ರೈತನ ಐಡಿ, ಕಣ್ಣಿಗೆ ಕಾಣುವುದು ಆ ಮಾಡೆಲ್‌ನ ಸ್ಟ್ರ್ ಮೆಥಡ್ ಕೊಡುವ ಪಠ್ಯ. ಆ ಮೆಥಡ್ ಬರೆಯದಿದ್ದರೆ ಕ್ಲಾಸಿನ ಹೆಸರು ಮತ್ತು ಐಡಿ ಮಾತ್ರ. ಅಲ್ಲೇ ಕೂತು ಎರಡು ಸಾಲು ಸೇರಿಸಿ ರೈತನ ಹೆಸರು ಬರುವಂತೆ ಮಾಡಿದೆ.

ಗುಮಾಸ್ತರು ಪಟ್ಟಿಯನ್ನು ಕೆಳಗೆ ಎಳೆಯುತ್ತ ನಿಲ್ಲಿಸಿದರು. "ಇದ್ರಾಗೆ ಆರು ಹನುಮಂತಪ್ಪ ಅದಾರಲ್ಲ ತಮ್ಮಾ, ಯಾವ ಹನುಮಂತಪ್ಪಗೆ ಹಾಕ್ಲಿ?"

ನನ್ನ ಬಳಿ ಉತ್ತರವಿರಲಿಲ್ಲ. ಅವರ ಹಳೆಯ ಖಾತೆ ಬುಕ್ಕು ಕೇಳಿ ತೆಗೆದುಕೊಂಡು ಮಧ್ಯಾಹ್ನವೆಲ್ಲ ಓದಿದೆ. ಅದರಲ್ಲಿ ಬರೀ "ಹನುಮಂತಪ್ಪ" ಎಂದು ಎಲ್ಲೂ ಇಲ್ಲ. "ಕುರ್ಕಿ ಹನುಮಂತಪ್ಪ", "ಲೋಕಿಕೆರೆ ಹನುಮಂತಪ್ಪ". ಒಂದೇ ಊರಿನಲ್ಲಿ ಇಬ್ಬರಿದ್ದರೆ ಕೊನೆಗೆ ತಂದೆಯ ಹೆಸರು. ಊರು ಮೊದಲು, ಹೆಸರು ಆಮೇಲೆ. ಹಮಾಲರು ಕೂಗುವುದೂ ಹೀಗೆಯೇ, ರೈತರು ತಮ್ಮನ್ನು ಹೇಳಿಕೊಳ್ಳುವುದೂ ಹೀಗೆಯೇ. ಡೇಟಾಬೇಸ್ ಐಡಿಯಿಂದ ಗುರುತು ಹಿಡಿಯಲಿ, ಅದು ಅದರ ಕೆಲಸ. ಪಟ್ಟಿಯಲ್ಲಿ ಕಾಣುವ ಸಾಲು ಮಾತ್ರ ಗಲ್ಲೆಯ ಹತ್ತಿರ ಜನ ಆಡುವ ಮಾತೇ ಆಗಬೇಕು. ಇಲ್ಲಿ ಒಂದು ಸಾಲು ತಪ್ಪಿ ಒತ್ತಿದರೆ ಒಬ್ಬನ ವರ್ಷದ ಬೆಳೆಯ ದುಡ್ಡು ಇನ್ನೊಬ್ಬನ ಖಾತೆಗೆ ಬೀಳುತ್ತದೆ. ಅವತ್ತಿನಿಂದ ಯಾವ ಫಾರ್ಮ್ ಮಾಡಿದರೂ ಮೊದಲು ಅಲ್ಲಿನ ಹಳೆಯ ಪುಸ್ತಕ ಕೇಳುತ್ತೇನೆ.

ಫಾರ್ಮಿಗೆ ಮಾತ್ರ ಬೇರೆ ಹೆಸರು ಬೇಕಾದರೆ ಮಾಡೆಲ್‌ಚಾಯ್ಸ್‌ಫೀಲ್ಡನ್ನು ವಿಸ್ತರಿಸಿ ಲೇಬಲ್ ಫ್ರಮ್ ಇನ್‌ಸ್ಟನ್ಸ್ ಎಂಬ ಮೆಥಡ್ ಬರೆದರೆ ಸಾಕು. ನಾನೂ ಹಾಗೇ ಮಾಡಿದೆ: ಊರು, ಹೆಸರು, ತಂದೆಯ ಹೆಸರು. ಪಟ್ಟಿ ಸರಿಯಾಯಿತು, ಆದರೆ ಫಾರ್ಮ್ ತೆರೆಯುವುದು ತೀರಾ ನಿಧಾನವಾಯಿತು. ಡೀಬಗ್ ಟೂಲ್‌ಬಾರ್ ಹಾಕಿ ನೋಡಿದರೆ ಒಂದು ಫಾರ್ಮಿಗೆ ಸಾವಿರಕ್ಕೂ ಹೆಚ್ಚು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ಊರಿನ ಹೆಸರು ಬೇರೆ ಟೇಬಲ್‌ನಲ್ಲಿದೆಯಲ್ಲ, ಪಟ್ಟಿಯ ಒಂದೊಂದು ಸಾಲಿಗೂ ಜಾಂಗೋ ಊರನ್ನು ಕೇಳಲು ಡೇಟಾಬೇಸ್‌ಗೆ ಹೋಗಿ ಬರುತ್ತಿತ್ತು. ಪಟ್ಟಿಗೆ ಯಾವ ಸಾಲುಗಳು ಬರಬೇಕೆಂದು ಹೇಳುವ ಕ್ವೆರಿಸೆಟ್‌ಗೆ ಸೆಲೆಕ್ಟ್ ರಿಲೇಟೆಡ್ ಎಂದು ಊರನ್ನು ಸೇರಿಸಿದ ಮೇಲೆ ಎರಡೂ ಟೇಬಲ್ ಜಾಯಿನ್ ಆಗಿ ಇಡೀ ಪಟ್ಟಿ ಒಂದೇ ಕ್ವೆರಿಯಲ್ಲಿ ಬಂತು.

ಇನ್ನೊಂದು ತಪ್ಪನ್ನು ನಾನು ಬಹಳ ದಿನ ಗಮನಿಸಲಿಲ್ಲ. ಕೆಲಸ ಬಿಟ್ಟ ಹಮಾಲರ ತಂಡಗಳು ಪಟ್ಟಿಯಲ್ಲಿ ಬರಬಾರದು ಎಂದು ಗುಮಾಸ್ತರು ಕೇಳಿದ್ದರು. ಅಳಿಸಿದರೆ ಹಳೆಯ ಚೀಟಿಗಳ ಗತಿ ಏನು? ಅದಕ್ಕೇ, ಚೀಟಿ ಇರುವ ತಂಡವನ್ನು ಅಳಿಸಲು ಬಿಡದ ಪ್ರೊಟೆಕ್ಟ್ ಅನ್ನು ಫಾರಿನ್ ಕೀಗೆ ಹಾಕಿ, ತಂಡದ ಟೇಬಲ್‌ಗೆ "ಚಾಲ್ತಿ" ಎಂಬ ಕಾಲಂ ಸೇರಿಸಿ, ಚಾಲ್ತಿ ಇರುವವರನ್ನಷ್ಟೇ ಕ್ವೆರಿಸೆಟ್‌ನಲ್ಲಿ ಇಟ್ಟೆ. ಹೊಸ ಚೀಟಿಗೆ ಸರಿಯಾಗಿತ್ತು. ಆದರೆ ಯಾರೋ ಹಳೆಯ ಚೀಟಿಯ ತೂಕ ತಿದ್ದಲು ತೆರೆದಾಗ, ಅದರಲ್ಲಿದ್ದ ತಂಡ ಈಗಿನ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಆ ಜಾಗದಲ್ಲಿ ಬರೀ ಗೆರೆ. ತಂಡದ ಫೀಲ್ಡ್ ಖಾಲಿ ಬಿಡಬಹುದು ಎಂದು ನಾನೇ ಬಿಟ್ಟಿದ್ದೆ. ಉಳಿಸು ಒತ್ತಿದರೆ ಯಾವ ತಪ್ಪೂ ತೋರಿಸದೆ ತಂಡದ ಹೆಸರು ಅಳಿದು ಚೀಟಿ ಉಳಿಯುತ್ತಿತ್ತು. ಹಮಾಲಿ ಲೆಕ್ಕ ತಂಡದ ಮೇಲೆ ನಡೆಯುತ್ತದೆ. ಒಂದು ತಂಡದ ಮೇಸ್ತ್ರಿ ಬಂದು ತಮ್ಮ ಬಾಕಿ ಕಡಿಮೆ ಬಂದಿದೆ ಎಂದು ಕೇಳಿದಾಗಲೇ ಗೊತ್ತಾದದ್ದು. ಅವರ ಕೂಲಿಯ ದುಡ್ಡು ಅದು. ಬ್ಯಾಕಪ್‌ನಿಂದ ಒಂದೊಂದೇ ಚೀಟಿ ತಾಳೆ ನೋಡಿ ತುಂಬಿಸಿಕೊಟ್ಟೆ.

ಪರಿಹಾರ ಚಿಕ್ಕದು. ಫಾರ್ಮ್ ತಯಾರಾಗುವಾಗ ನಡೆಯುವ ಇನಿಟ್ ಮೆಥಡ್‌ನಲ್ಲಿ ಕ್ವೆರಿಸೆಟ್ ಕಟ್ಟುವಾಗ "ಚಾಲ್ತಿ ಇರುವವರು, ಅಥವಾ ಈ ಚೀಟಿಯಲ್ಲಿ ಈಗಾಗಲೇ ಇರುವವರು" ಎಂದು ಕ್ಯೂ ಆಬ್ಜೆಕ್ಟ್ ಬಳಸಿ ಎರಡನ್ನೂ ಸೇರಿಸಬೇಕು. ಫೀಲ್ಡ್ ಕಡ್ಡಾಯವಾಗಿದ್ದರೆ ಉಳಿಸುವಾಗ ತಪ್ಪು ತೋರಿಸಿಯಾದರೂ ಎಚ್ಚರಿಸುತ್ತದೆ, ಐಚ್ಛಿಕ ಫೀಲ್ಡ್‌ಗಳಲ್ಲಿ ಆ ಎಚ್ಚರಿಕೆಯೂ ಇಲ್ಲ. ಈ ಕ್ವೆರಿಸೆಟ್ ಬರೀ ತೋರಿಸುವುದಕ್ಕಲ್ಲ. ಬ್ರೌಸರ್‌ನಿಂದ ಬಂದ ಐಡಿ ಅದರೊಳಗೆ ಇದೆಯೋ ಎಂದು ಸರ್ವರ್‌ನಲ್ಲೂ ಪರೀಕ್ಷೆಯಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮರೆಮಾಡುವುದಕ್ಕಿಂತ ಇಲ್ಲೇ ಕಟ್ಟುವುದು ಭದ್ರ.

ಸೀಸನ್ ಜೋರಾದ ಮೇಲೆ ಉದ್ದದ ಪಟ್ಟಿ ಎಳೆಯುವುದಕ್ಕೂ ಪುರುಸೊತ್ತಿಲ್ಲ. ಜಾಂಗೋ ತಾನೇ ಕಟ್ಟಿಕೊಡುವ ಅಡ್ಮಿನ್ ಪುಟದಲ್ಲಿ, ಅಕ್ಷರ ಒತ್ತಿದಂತೆ ಹುಡುಕಿ ತೋರಿಸುವ ಆಟೋಕಂಪ್ಲೀಟ್ ಫೀಲ್ಡ್ಸ್ ಹಾಕಿದೆ, ಜಾಂಗೋ 2.0ರಿಂದ ಇದು ಒಳಗೇ ಇದೆ. ರೈತರ ಅಡ್ಮಿನ್‌ನಲ್ಲಿ ಸರ್ಚ್ ಫೀಲ್ಡ್ಸ್ ಹೇಳಿರಲೇಬೇಕು. ಅಲ್ಲಿ ರೈತನ ಹೆಸರಿನ ಜೊತೆ ಊರಿನ ಹೆಸರನ್ನೂ ಕೊಟ್ಟೆ, "ಕುರ್ಕಿ ಹನು" ಎಂದು ಒತ್ತಿದರೆ ಎರಡೂ ಪದ ಹೊಂದುವವರು ಮಾತ್ರ ಬರುತ್ತಾರೆ. ಗುಮಾಸ್ತರ ಮಗ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಿದ್ದ, ಅವನಿಗಾಗಿ ಹುಡುಕಲು ಮಾತ್ರ ಬಳಸುವ ಇನ್ನೊಂದು ಕಾಲಂ. ಇಲ್ಲಿ ಎರಡು ಕಡೆ ಎಡವಿದೆ. ಬಳಕೆದಾರನಿಗೆ ರೈತರ ಮಾಡೆಲ್ ನೋಡುವ ಅನುಮತಿ ಇಲ್ಲದಿದ್ದರೆ ಪಟ್ಟಿಯಲ್ಲಿ ಏನೂ ಬರುವುದಿಲ್ಲ. ಮತ್ತೆ, ಹುಡುಕಿದಾಗ ಬರುವ ಸಾಲುಗಳು ಲೇಬಲ್ ಫ್ರಮ್ ಇನ್‌ಸ್ಟನ್ಸ್ ಕೇಳುವುದೇ ಇಲ್ಲ, ನೇರವಾಗಿ ಸ್ಟ್ರ್ ಮೆಥಡ್‌ನಿಂದ ಬರುತ್ತವೆ. ಹಾಗಾಗಿ ಊರು ಸೇರಿದ ಹೆಸರನ್ನು ಸ್ಟ್ರ್ ಒಳಗೇ ಇಟ್ಟು, ರೈತರ ಅಡ್ಮಿನ್‌ನ ಗೆಟ್ ಕ್ವೆರಿಸೆಟ್‌ನಲ್ಲಿ ಸೆಲೆಕ್ಟ್ ರಿಲೇಟೆಡ್ ಹಾಕಿದೆ.

ಊರಿನ ಟೇಬಲ್‌ನಲ್ಲಿ ಮೊದಲು ತಾಲ್ಲೂಕು, ಜಿಲ್ಲೆಗಳನ್ನು ಬರೀ ಪಠ್ಯವಾಗಿ ಇಟ್ಟಿದ್ದೆ. ಮಂಡಿಯ ಹಳೆಯ ಎಕ್ಸೆಲ್ ಹಾಳೆಗಳನ್ನು ತುಂಬಿಸುವಾಗ ಹರಪನಹಳ್ಳಿ ಕಡೆಯ ಊರುಗಳು ಮೂರು ಜಿಲ್ಲೆಗಳಲ್ಲಿ ಚದುರಿಹೋದವು. ಅದು ಬರೆದವರ ತಪ್ಪಲ್ಲ. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬರೆದ ಕಾಲಕ್ಕೆ ಎಲ್ಲವೂ ಸರಿಯೇ. ತಾಲ್ಲೂಕಿಗೂ ಜಿಲ್ಲೆಗೂ ಬೇರೆ ಟೇಬಲ್ ಮಾಡಿ ಫಾರಿನ್ ಕೀ ಕೊಟ್ಟ ಮೇಲೆ ಒಂದೇ ಸಾಲು ತಿದ್ದಿದರೆ ಎಲ್ಲ ಊರೂ ಸರಿಹೋದವು. ಆದರೆ ಹಳೆಯ ಚೀಟಿಯನ್ನು ಮತ್ತೆ ಪ್ರಿಂಟ್ ತೆಗೆದರೆ ಅದರಲ್ಲೂ ಹೊಸ ಜಿಲ್ಲೆ ಬರತೊಡಗಿತು. ರೈತನ ಕೈಯಲ್ಲಿರುವ ಕಾಗದ ಒಂದು ಹೇಳಿ, ನಮ್ಮ ಪ್ರಿಂಟ್ ಇನ್ನೊಂದು ಹೇಳಬಾರದು. ಈಗ ಚೀಟಿ ಉಳಿಸುವಾಗ ರೈತನ ಐಡಿಯ ಜೊತೆಗೆ ಅವತ್ತಿನ ಹೆಸರು, ಊರು, ಜಿಲ್ಲೆ ಮೂರನ್ನೂ ಪಠ್ಯವಾಗಿ ಚೀಟಿಯಲ್ಲೇ ಇಡುತ್ತೇನೆ. ಫಾರ್ಮ್ ಐಡಿಯನ್ನು ನೋಡುತ್ತದೆ, ಪ್ರಿಂಟ್ ಆ ಪಠ್ಯವನ್ನು ನೋಡುತ್ತದೆ.